ಮೂರು ಗೆರೆಯ ಲೋಟ

ಹೋದ ಶುಕ್ರವಾರ ಸಂಜೆ ಮೊಮ್ಮಗಳು ಸಾಂಬ್ರಾಣಿ ಹಚ್ಚಿದಳು. ಈಗಿನದು ಕಪ್ ಸಾಂಬ್ರಾಣಿ. ಕೆಂಡ ಬೇಡ, ಬೀಸಣಿಗೆ ಬೇಡ, ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಚೆನ್ನೈನ ಅಣ್ಣಾ ನಗರದ ನಮ್ಮ ಮೂರನೇ ಮಹಡಿಗೆ ಬಂದು ಬೀಳುತ್ತದೆ. ದೇವರಿಗಲ್ಲ, ಸೊಳ್ಳೆಗೆ ಎಂದು ಅವಳೇ ಸ್ಪಷ್ಟಪಡಿಸಿದಳು. ಅವಳಿಗೆ ದೇವರಿಲ್ಲ. ಶುಕ್ರವಾರ ಪೆರುಂಗುಡಿಯ ಆಫೀಸಿಗೆ ಹೋಗುವುದಿಲ್ಲ, ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪಿನಲ್ಲಿ ಎಲ್ಲಿಯದೋ ಗಲಭೆಯ ಸುದ್ದಿ ಓದುತ್ತಿದ್ದವಳು ತಲೆ ಎತ್ತದೆ ಹೇಳಿದಳು:

"ಅಜ್ಜಿ, ಎಲ್ಲಾ ವಯಲೆನ್ಸ್‌ಗೂ ರಿಲಿಜನ್ ತಾನ್ ಕಾರಣ. ಅದನ್ನ ಡಿಲೀಟ್ ಮಾಡಿದ್ರೆ ವರ್ಲ್ಡ್ ಸೇಫ್. ಅವ್ಳೋದಾನ್, ಅಷ್ಟೇ."

ಅರ್ಧ ಕನ್ನಡ, ಅರ್ಧ ತಮಿಳು, ಉಳಿದದ್ದು ಇಂಗ್ಲಿಷ್. ಅಷ್ಟರಲ್ಲಿ ಹೊಗೆ ಮೂಗಿಗೆ ಬಂದಿತ್ತು. ಆ ಹೊಗೆಯ ಹಿಂದೆಯೇ ಒಂದು ಕೆಮ್ಮು ಕೇಳಿಸಿದ ಹಾಗಾಯಿತು. ಒಣ ಕೆಮ್ಮು, ಎರಡು ಸಲ, ಆಮೇಲೆ ನವಿಲುಗರಿಯ ಸರಸರ...

ಐವತ್ತರ ದಶಕದ ಕೊನೆ ಅದು. ಮದರಾಸಿನ ತಿರುವಲ್ಲಿಕೇಣಿಯಲ್ಲಿ ಅಪ್ಪಯ್ಯನ ಕಾಫಿ ಹೋಟೆಲು, ಅದರ ಮೇಲೆಯೇ ನಮ್ಮ ಮನೆ. ಪ್ರತಿ ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಸಿ, ಸುಮಾರು ನಾಲ್ಕು ಗಂಟೆಗೆ ಸಾಂಬ್ರಾಣಿ ಭಾಯಿ ಬರುತ್ತಿದ್ದರು. ಒಂದು ಕೈಯಲ್ಲಿ ಕೆಂಡ ತುಂಬಿದ ಕಬ್ಬಿಣದ ಬಟ್ಟಲು, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು, ಹೆಗಲ ಮೇಲೆ ಹಸಿರು ಬಟ್ಟೆ. ಬೀದಿಯ ಅಂಗಡಿಗಳಿಗೆಲ್ಲ, ಹಿಂದೂಗಳದಾಗಲಿ ಯಾರದಾಗಲಿ, ಅವರ ಹೊಗೆ ಬೇಕಿತ್ತು. ದೃಷ್ಟಿ ಹೋಗುತ್ತದೆ, ವ್ಯಾಪಾರ ಕುದುರುತ್ತದೆ ಎಂಬ ನಂಬಿಕೆ. ಮೊದಲು ಗಲ್ಲಾಕ್ಕೆ, ಆಮೇಲೆ ಅದರ ಮೇಲಿದ್ದ ಕೃಷ್ಣನ ಪಟಕ್ಕೆ ಹೊಗೆ ಬೀಸಿ, ಗರಿಯಿಂದ ಅಪ್ಪಯ್ಯನ ತಲೆ ಸವರುತ್ತಿದ್ದರು. ಅಪ್ಪಯ್ಯ ಕಣ್ಣು ಮುಚ್ಚಿ ಸವರಿಸಿಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಎಲ್ಲರೂ 'ಭಾಯಿ ಬಂದ, ಭಾಯಿ ಹೋದ' ಎನ್ನುತ್ತಿದ್ದರು. ನಾನೂ ಹಾಗೆಯೇ. ಈಗ 'ಬಂದರು' ಎಂದು ಬರೆಯುವಾಗ ಪೆನ್ನು ಒಂದು ಕ್ಷಣ ತಡೆಯುತ್ತದೆ.

ಅವರನ್ನು ಸಾಧು ಸಂತ ಮಾಡಲು ನನಗೆ ಇಷ್ಟವಿಲ್ಲ. ಜಂಬ ಇತ್ತು ಅವರಿಗೆ. ಪಕ್ಕದ ಬೀದಿಯ ಇನ್ನೊಬ್ಬ ಭಾಯಿಯ ಸಾಂಬ್ರಾಣಿಯನ್ನು 'ಅದು ರಬ್ಬರ್, ರಬ್ಬರ್ ಸುಡ್ತಾನೆ' ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು. ನಮ್ಮ ಹೋಟೆಲಿನವರ ಬಾಯಿಂದಲೇ ಕನ್ನಡ ಕಲಿತಿದ್ದರು. ಹೀಗಾಗಿ ಅವರ ಕನ್ನಡ ಕುಂದಾಪುರದ ಕಡೆಯದು, ಉಚ್ಚಾರ ಮದರಾಸಿನದು. ಅಡುಗೆಯ ಭಟ್ಟರಿಗೂ ಅವರಿಗೂ ದಿನಾ ಇಲ್ಲದಿದ್ದರೂ ವಾರಕ್ಕೊಂದು ಜಗಳ ಬೇಕೇ ಬೇಕು.

"ಭಟ್ರೇ, ನಿಮ್ಮ ಸಾಂಬಾರಿನ ವಾಸನೆ ಓಡಿಸ್ಲಿಕ್ಕೆ ಇವತ್ತು ಎರಡು ಹಿಡಿ ಜಾಸ್ತಿ ಹಾಕ್ಬೇಕಾಯ್ತು."

"ಹ್ವಾಯ್, ಆ ವಾಸನೆ ಹಿಡ್ಕಂಡೇ ಅಲ್ದಾ ನೀ ಇಲ್ಲಿಗ್ ಬಪ್ಪುದ್?"

ನಗು ಮುಗಿದ ಮೇಲೆ ಹಿತ್ತಲ ಬಾಗಿಲಲ್ಲಿ ಭಾಯಿಗೆ ಕಾಫಿ. ಅದಕ್ಕೊಂದು ಪ್ರತ್ಯೇಕ ಹಿತ್ತಾಳೆ ಲೋಟ. ಗುರುತು ತಪ್ಪಬಾರದೆಂದು ಭಟ್ಟರೇ ಅದರ ಕಂಠದ ಕೆಳಗೆ ಲೋಹ ಉಜ್ಜುವ ಅರದಿಂದ ಮೂರು ಗೆರೆ ಎಳೆದಿದ್ದರು. ಕುಡಿದಾದ ಮೇಲೆ ಭಾಯಿ ತಾವೇ ನಲ್ಲಿಯಲ್ಲಿ ತೊಳೆದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಮುಂದಿನ ಶುಕ್ರವಾರದವರೆಗೆ ಅದು ಅಲ್ಲೇ, ಬಿಸಿಲಿಗೆ. ಅವರ ಹೊಗೆ ಕೃಷ್ಣನ ಮುಖಕ್ಕೆ ಆಗುತ್ತಿತ್ತು, ಅವರು ಮುಟ್ಟಿದ ಲೋಟ ನಮ್ಮ ಅಡುಗೆಮನೆಗೆ ಆಗುತ್ತಿರಲಿಲ್ಲ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಿಸಲಿಲ್ಲ. ಭಾಯಿಗೂ ಕಾಣಿಸಲಿಲ್ಲ... ಎಂದು ನಾವು ಅಂದುಕೊಂಡಿದ್ದೆವು.

ನನಗಾಗ ಹದಿನಾಲ್ಕು. ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಅಲ್ಲಿಗೆ ನನ್ನನ್ನು ಕಳಿಸಿದ್ದೇ ದೊಡ್ಡ ರಾಮಾಯಣ. ನನ್ಸ್ ನನ್ನನ್ನು ಕ್ರಿಶ್ಚಿಯನ್ ಮಾಡಿಬಿಡುತ್ತಾರೆ ಎಂದು ಸೋದರಮಾವ ವರ್ಷಕ್ಕೆರಡು ಸಲ ಕಾಗದ ಬರೆಯುತ್ತಿದ್ದರು. ಅಪ್ಪಯ್ಯ ಪ್ರತಿ ಕಾಗದ ಓದಿ, ಮಡಚಿ, ನನ್ನ ಕಡೆ ನೋಡಿ ಒಂದೇ ಮಾತು ಹೇಳುತ್ತಿದ್ದರು: "ಕಾಣ್ ಹೆಣೆ, ಮಡಿ ಮೈಲ್ಗಿ ಒಂದ್ ಹೆಚ್ಚುಕಮ್ಮಿ ಆಯ್ಲಿ, ಮರುದಿನ ಇಸ್ಕೂಲ್ ಬಂದ್." ತಮಾಷೆಗೆ ಹೇಳುತ್ತಿರಲಿಲ್ಲ.

ಆ ತಿಂಗಳು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ನಮಗೆಲ್ಲ ಒಂದೊಂದು ಪುಟ್ಟ ನೋಟ್‌ಬುಕ್ ಕೊಟ್ಟಿದ್ದರು. ದಿನಕ್ಕೊಂದು ಗುಡ್ ಡೀಡ್ ಮಾಡಿ ಅದರಲ್ಲಿ ಬರೆಯಬೇಕು. ಯಾರಿಗೂ ತಿಳಿಯದಂತೆ ಮಾಡಿದ್ದಕ್ಕೆ ಹೆಚ್ಚು ಮಾರ್ಕು. ಬರೆದ ಮೇಲೆ ಯಾರಿಗೂ ತಿಳಿಯದ್ದು ಹೇಗಾಗುತ್ತದೆ ಎಂದು ನಾವ್ಯಾರೂ ಕೇಳಲಿಲ್ಲ. ಅದೇ ಹೊತ್ತಿಗೆ ಹಿಸ್ಟರಿ ಮಿಸ್ ಒಂದು ಡಿಬೇಟ್ ಇಟ್ಟಿದ್ದರು. ಧರ್ಮವಿಲ್ಲದಿದ್ದರೆ ಜಗತ್ತು ಸುರಕ್ಷಿತವಾಗಿರುತ್ತಿತ್ತು ಎಂಬುದು ವಿಷಯ. ನನ್ನದು ಅಪೋಸಿಷನ್, ಧರ್ಮದ ಪರ. ಕಾನ್ವೆಂಟಿನ ಹಾಲ್‌ನಲ್ಲಿ, ಮೊದಲ ಸಾಲಿನಲ್ಲಿ ಐವರು ನನ್ಸ್ ಕೂತಿರುವಾಗ ಯಾವ ಪಕ್ಷ ಗೆಲ್ಲುತ್ತದೆಂದು ಊಹಿಸಲು ಜಾಣತನ ಬೇಕಿರಲಿಲ್ಲ.

ಡಿಬೇಟ್ ಸೋಮವಾರ. ಅದರ ಹಿಂದಿನ ಶುಕ್ರವಾರ ಸಂಜೆ ಸ್ಕೂಲಿನಿಂದ ಬಂದವಳು ಹಿತ್ತಲಲ್ಲಿ ಶೂ ಬಿಚ್ಚುತ್ತಾ ಭಾಷಣ ಗುನುಗುತ್ತಿದ್ದೆ. ಭಾಯಿ ಕಾಫಿ ಕುಡಿದು, ಲೋಟ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ, ಬಟ್ಟಲಿಗೆ ಹೊಸ ಕೆಂಡ ಹಾಕಿಕೊಳ್ಳುತ್ತಿದ್ದರು. ನನಗೆ ಆ ಲೋಟ ಕಂಡಿತು. ಆ ದಿನದ ಗುಡ್ ಡೀಡ್ ಇನ್ನೂ ಆಗಿರಲಿಲ್ಲ. ಲೋಟ ಎತ್ತಿಕೊಂಡೆ, ಒಳಗೆ ಹೋದೆ, ಹೋಟೆಲಿನ ಲೋಟಗಳ ಸಾಲಿನಲ್ಲಿ ಅದನ್ನೂ ಬೋರಲು ಹಾಕಿದೆ. ಹೊರಬಂದಾಗ ಭಾಯಿ ನನ್ನನ್ನೇ ನೋಡುತ್ತಿದ್ದರು.

"ಎಂತ ಪಾಪಾ ಇದು?" ಎಂದರು. ಮದರಾಸಿನಲ್ಲಿ ಚಿಕ್ಕ ಹುಡುಗಿಯರನ್ನು ಹಾಗೆಯೇ ಕರೆಯುತ್ತಾರೆ.

"ಗುಡ್ ಡೀಡ್," ಎಂದೆ.

ಅವರು ತಲೆ ಅಲ್ಲಾಡಿಸಿದರು. ಬೇಡ ಎಂದೋ, ಹುಚ್ಚು ಹುಡುಗಿ ಎಂದೋ, ಇವತ್ತಿಗೂ ಗೊತ್ತಿಲ್ಲ. ಆ ದಿನ ಕಾಫಿ ಮೊದಲಾಗಿತ್ತು; ಗಲ್ಲಾಕ್ಕೆ ಹೊಗೆ ಹಾಕಲು ಮುಂಬಾಗಿಲ ಕಡೆ ನಡೆದರು.

ಹತ್ತು ನಿಮಿಷ ಕಳೆದಿರಲಿಲ್ಲ. ಕಾಫಿಯ ರಶ್. ಮೂಲೆಯ ಮೇಜಿನಲ್ಲಿ ದಿನಾ ಕೂರುತ್ತಿದ್ದ ಕೋರ್ಟಿನ ಗುಮಾಸ್ತರಿಗೆ ಆ ಲೋಟದಲ್ಲೇ ಕಾಫಿ ಬಂತು. ಅರ್ಧ ಕುಡಿದ ಮೇಲೆ ಅವರ ಬೆರಳಿಗೆ ಗೆರೆ ತಾಗಿತು. ಕಿಟಕಿಯ ಲೋಟ ಅವರಿಗೆ ಗೊತ್ತಿತ್ತು, ದಿನಾ ನೋಡುತ್ತಿದ್ದರು. ಎದ್ದು ನಿಂತು ಲೋಟವನ್ನು ಎಲ್ಲರಿಗೂ ತೋರಿಸಿದರು. ಭಟ್ಟರು ಒಳಗಿಂದ ಓಡಿ ಬಂದರು.

"ಇದನ್ ಒಳಗ್ ಇಟ್ಟದ್ ಯಾರ್?"

ಗುಮಾಸ್ತರು ಭಾಯಿಯ ಕಡೆ ಬೆರಳು ಮಾಡಿದರು. ಬೇಕೆಂದೇ ಮಾಡಿದ್ದಾನೆ, ಇವರ ಜಾತಿಯೇ ಹೀಗೆ ಎಂದು ತಮಿಳಿನಲ್ಲಿ ಶುರು ಮಾಡಿದರು. ಭಾಯಿ ಕೃಷ್ಣನ ಪಟದ ಕೆಳಗೆ ಬಟ್ಟಲು ಹಿಡಿದು ನಿಂತಿದ್ದರು. ಮನೆಗೆ ಹತ್ತುವ ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದರು. ಕೋಪದಿಂದಲ್ಲ, ಬೇಡಿಕೆಯಿಂದಲೂ ಅಲ್ಲ. ಕಾಯುತ್ತಿದ್ದರು, ಅಷ್ಟೇ. ನಾನು ಬಾಯಿ ಬಿಟ್ಟಿದ್ದರೆ ಎರಡು ಪದ ಸಾಕಿತ್ತು: ನಾನು, ಇಟ್ಟೆ. ನಾನು ಅಪ್ಪಯ್ಯನನ್ನು ನೋಡಿದೆ. ಇಸ್ಕೂಲ್ ಬಂದ್, ಎಂದು ಕಿವಿಯಲ್ಲಿ ಕೇಳಿತು. ನನ್ನ ಕಾಲಿನ ಬಿಳಿ ಸಾಕ್ಸ್ ನೋಡುತ್ತಾ ನಿಂತೆ.

ಆಗ ಮೂರನೇ ಮೇಜಿನಲ್ಲಿ ಬೋಂಡಾ ತಿನ್ನುತ್ತಿದ್ದ ಒಬ್ಬ ಎದ್ದ. ಅವನು ಯಾರೋ, ಯಾವ ದೇವರಿಗೆ ಕೈ ಮುಗಿಯುವವನೋ, ಮುಗಿಯುವವನೇ ಅಲ್ಲವೋ. ಲೋಟದ ವಿಷಯ ಏನೆಂದೂ ಅವನು ಕೇಳಲಿಲ್ಲ. ನೇರ ಹೋಗಿ ಬಟ್ಟಲಿಗೆ ಒದ್ದ. ಕೆಂಡ ಭಾಯಿಯ ಬರಿಗಾಲ ಮೇಲೆ ಬಿತ್ತು. ಅವರು ಕೂಗಿದ್ದು... ಬೇಡ, ಅದನ್ನು ಬರೆಯಲಾರೆ. ಒದ್ದವನು ವಾಪಸ್ ಬಂದು ಕೂತು ಉಳಿದ ಅರ್ಧ ಬೋಂಡಾವನ್ನು ಚಟ್ನಿಯಲ್ಲಿ ಅದ್ದಿ ತಿಂದ. ದಿನಾ ಬೆಳಿಗ್ಗೆ ಒಂದು ಗಂಟೆ ಪೂಜೆ ಮಾಡುತ್ತಿದ್ದ ನನ್ನ ಅಪ್ಪಯ್ಯ ಗಲ್ಲಾದಿಂದ ಏಳಲಿಲ್ಲ. "ಹೊರಗೆ, ಹೊರಗೆ," ಎಂದರು. ಒದ್ದವನಿಗಲ್ಲ, ಭಾಯಿಗೆ.

ಹೋಟೆಲಿನ ಅಷ್ಟೂ ಪಾತ್ರೆ ಹುಣಸೆಹಣ್ಣು ಕಂಡವು, ಬೆಂಕಿ ಕಂಡವು. ಮೂರು ಗೆರೆಯ ಲೋಟವನ್ನು ಭಟ್ಟರು ಹಳೆ ಪಾತ್ರೆಯವನಿಗೆಂದು ಹಿತ್ತಲ ಬುಟ್ಟಿಗೆ ಎಸೆದರು. ನಾನು ಅದನ್ನು ಎತ್ತಿ ಸ್ಕೂಲ್ ಬ್ಯಾಗಿನಲ್ಲಿ ಬಚ್ಚಿಟ್ಟೆ.

ಸೋಮವಾರ ಡಿಬೇಟ್ ಗೆದ್ದೆ. ಹೇಗೆ ಗೆದ್ದೆ ಎಂದು ಹೇಳಬೇಕು, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ನಮ್ಮ ಹೋಟೆಲಿಗೆ ಪ್ರತಿ ಶುಕ್ರವಾರ ಒಬ್ಬ ಮುಸಲ್ಮಾನ ಬಂದು ಕೃಷ್ಣನ ಪಟಕ್ಕೆ ಧೂಪ ಹಾಕುತ್ತಾನೆ, ನನ್ನ ತಂದೆ ಭಕ್ತಿಯಿಂದ ತಲೆ ಬಾಗುತ್ತಾರೆ, ಇದೇ ಧರ್ಮ ಎಂದೆ. ಮೊದಲೇ ಬರೆದುಕೊಂಡಿದ್ದ ಸಾಲು. ಬದಲಾಯಿಸಲಿಲ್ಲ. ಚಪ್ಪಾಳೆ ನಿಲ್ಲಲೇ ಇಲ್ಲ. ಸಿಸ್ಟರ್ ಕಣ್ಣೊರೆಸಿಕೊಂಡರು.

ಮಾರನೇ ದಿನ ಸ್ಕೂಲಿನಿಂದ ಬರುತ್ತಾ ಭಾಯಿಯ ಗಲ್ಲಿಗೆ ಹೋದೆ. ಮಸೀದಿಯ ಹಿಂದೆ, ಒಂದು ಜಗಲಿಯ ಮೇಲೆ ಕಾಲು ಚಾಚಿ ಕೂತು ಸಾಂಬ್ರಾಣಿ ಗಟ್ಟಿಗಳನ್ನು ಕುಟ್ಟಿ ಚೂರು ಮಾಡುತ್ತಿದ್ದರು. ಕಾಲಿಗೆ ಬಟ್ಟೆ ಸುತ್ತಿತ್ತು. ನಾನು ಇಂಗ್ಲಿಷಿನಲ್ಲೇ ಸಾರಿ ಎಂದೆ. ಕುಟ್ಟುವುದನ್ನು ನಿಲ್ಲಿಸಲಿಲ್ಲ.

"ಇಲ್ಲಿ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತಿಲ್ವಾ ಯಾರು ಇಟ್ಟದ್ದು ಅಂತ? ಅಲ್ಲಿ ಹೇಳು. ನಿಮ್ಮಪ್ಪನ ಹತ್ರ."

ನಾನು ಅಳುತ್ತಾ ಡಿಬೇಟಿನ ಪ್ರಶ್ನೆಯನ್ನೇ ಅವರ ಮುಂದಿಟ್ಟೆ. ಧರ್ಮಗಳು ಇಲ್ಲದೇ ಹೋಗಿದ್ದರೆ ಇದು ಆಗುತ್ತಿರಲಿಲ್ಲ, ಅಲ್ಲವಾ ಭಾಯಿ? ಹೌದು ಎಂದುಬಿಟ್ಟಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು.

ಆಗ ಅವರಿಗೆ ನಿಜವಾಗಿ ಸಿಟ್ಟು ಬಂತು. ಕುಟ್ಟಾಣಿ ಕೆಳಗಿಟ್ಟರು. "ಧರ್ಮ ನನ್ನ ಕಾಲು ಸುಟ್ಟಿತು ಅಂದ್ರೆ ನಾನು ಯಾರ ಮನೆ ಬಾಗಿಲು ತಟ್ಲಿ, ಪಾಪಾ? ಅದಕ್ಕೆ ಮನೆ ಉಂಟಾ? ಒಬ್ಬ ಒದ್ದ. ಒಬ್ಬರು ಎದ್ದು ಬರಲಿಲ್ಲ. ಒಬ್ಬಳು ಮಾತಾಡಲಿಲ್ಲ. ಈ ಮೂರು ಜನರ ಬಾಗಿಲೂ ನನಗೆ ಗೊತ್ತು." ಕುಟ್ಟಾಣಿ ಮತ್ತೆ ಎತ್ತಿಕೊಂಡು, "ಹೋಗು. ಕತ್ತಲಾಗ್ತದೆ," ಎಂದರು.

ನಾನು ಅಪ್ಪಯ್ಯನಿಗೆ ಹೇಳಲಿಲ್ಲ. ಆ ವರ್ಷವೂ ಇಲ್ಲ, ಮುಂದೆಯೂ ಇಲ್ಲ.

ಕಾಲು ವಾಸಿಯಾದ ಮೇಲೆ ಭಾಯಿ ನಮ್ಮ ಬೀದಿಗೆ ಮತ್ತೆ ಬಂದರು, ಸ್ವಲ್ಪ ಕುಂಟುತ್ತಾ. ನಮ್ಮ ಎಡಗಡೆಯ ಜವಳಿ ಅಂಗಡಿಗೆ ಹೊಗೆ ಹಾಕಿದರು, ಬಲಗಡೆಯ ಔಷಧಿ ಅಂಗಡಿಗೆ ಹಾಕಿದರು. ನಡುವೆ ನಮ್ಮ ಹೋಟೆಲಿನ ಮುಂದೆ ಮುಖ ನೇರ ಇಟ್ಟುಕೊಂಡು, ನವಿಲುಗರಿ ಕೆಳಗಿಳಿಸಿ ದಾಟಿದರು. ಪ್ರತಿ ಶುಕ್ರವಾರ ಹೀಗೆಯೇ, ವರ್ಷಗಟ್ಟಲೆ. ಎರಡೂ ಕಡೆಯಿಂದ ಹೊಗೆ ನಮ್ಮೊಳಗೆ ನುಗ್ಗುತ್ತಿತ್ತು. ತಡೆಯುವುದು ಹೇಗೆ? ಭಟ್ಟರು ಆ ಹೊತ್ತಿಗೆ ಸರಿಯಾಗಿ ಹಿತ್ತಲ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ಅಪ್ಪಯ್ಯ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಯಾರೂ ತಲೆ ಸವರುತ್ತಿರಲಿಲ್ಲ.

ಅರವತ್ತರ ದಶಕದ ನಡುವೆ ನನ್ನ ಮದುವೆಯಾಯಿತು. ಯಜಮಾನರು ಬ್ಯಾಂಕಿನವರು, ಊರೂರು ಟ್ರಾನ್ಸ್‌ಫರ್. ಒಮ್ಮೆ ತವರಿಗೆ ಬಂದಾಗ ಶುಕ್ರವಾರ ಕಳೆದರೂ ಹೊಗೆ ಬರಲಿಲ್ಲ. ಗಲ್ಲಿಗೆ ಹೋದೆ. ಜಗಲಿಯ ಮೇಲೆ ಬೇರೆ ಯಾರೋ ಛತ್ರಿ ರಿಪೇರಿ ಮಾಡುತ್ತಿದ್ದರು. ಸಾಂಬ್ರಾಣಿ ಭಾಯಿ ತೀರಿಹೋಗಿ ಎರಡು ವರ್ಷವಾಯಿತು ಎಂದರು. ಹೆಸರು ಕೇಳೋಣ ಎಂದುಕೊಂಡೆ. ಕೇಳಲು ನಾಚಿಕೆಯಾಯಿತು.

ಇದನ್ನೆಲ್ಲ ಮೊಮ್ಮಗಳಿಗೆ ಆ ಸಂಜೆಯೇ ಹೇಳಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. "ಅಜ್ಜಿ, ಯು ವರ್ ಜಸ್ಟ್ ಎ ಕಿಡ್. ತಪ್ಪು ನಿಂದಲ್ಲ, ಆ ಸಿಸ್ಟಮ್‌ದು. ನೋಡು, ರಿಲಿಜನ್ ಅಂತ ನಾನು ಹೇಳಿದ್ದೇ ಪ್ರೂವ್ ಆಯ್ತಲ್ಲ."

ಇಲ್ಲ, ಮಗಾ. ಇದನ್ನು ನಿನಗೆ ಬಿಟ್ಟುಕೊಡುವುದಿಲ್ಲ. ಧರ್ಮದ ಪರ ವಕಾಲತ್ತು ಹಾಕುವವಳಲ್ಲ ನಾನು, ಆ ಕೆಲಸ ಒಮ್ಮೆ ಮಾಡಿ ಬಹುಮಾನ ಪಡೆದಿದ್ದೇನೆ, ಸಾಕು. ಲೋಟದ ಮೇಲಿನ ಮೂರು ಗೆರೆ ನಮ್ಮ ಮಡಿಯದೇ. ಅದನ್ನು ಕೃಷ್ಣನ ಎದುರಿಗೂ ಹೇಳುತ್ತೇನೆ. ಆದರೆ ಧರ್ಮವನ್ನು ಡಿಲೀಟ್ ಮಾಡಿದ ದಿನ ಆ ಬೋಂಡಾ ತಿನ್ನುವವನು ಎಲ್ಲಿ ಹೋಗುತ್ತಾನೆ? ಅವನಿಗೆ ಬೇಕಿದ್ದದ್ದು ಒದೆಯಲು ಒಂದು ಕಾರಣ. ಭಾಷೆ ಕೊಡುತ್ತದೆ, ಬಣ್ಣ ಕೊಡುತ್ತದೆ, ನೀರಿನ ನಲ್ಲಿಯ ಕ್ಯೂ ಕೂಡ ಕೊಡುತ್ತದೆ. ಅರ ಇರುವವರೆಗೆ ಗೆರೆ ಎಳೆಯುವವರು ಇರುತ್ತಾರೆ. ಮತ್ತೆ ನಾನು? ಎಲ್ಲವನ್ನೂ ಧರ್ಮದ ತಲೆಗೆ ಕಟ್ಟಿದರೆ ಮೊದಲು ಬಚಾವಾಗುವವಳು ನಾನೇ. ಅರವತ್ತು ವರ್ಷದ ಮೇಲೆ ಅಷ್ಟು ಸುಲಭದ ಬಿಡುಗಡೆ ನನಗೆ ಬೇಡ. ಭಾಯಿಗೆ ಗೊತ್ತಿದ್ದ ಮೂರು ಬಾಗಿಲುಗಳಲ್ಲಿ ಒಂದು ನನ್ನದು. ಅದು ನನ್ನದಾಗಿಯೇ ಇರಲಿ.

'ಅಲ್ಲಿ ಹೇಳು' ಎಂದಿದ್ದರು. ಅಲ್ಲಿ ಈಗ ಮೊಬೈಲ್ ಅಂಗಡಿ. ಅಪ್ಪಯ್ಯ ಇಲ್ಲಿ ನಮ್ಮ ಗೋಡೆಯ ಮೇಲೆ ಪಟವಾಗಿದ್ದಾರೆ. ಪಟದ ಮುಂದೆ ನಿಂತು, "ಅಪ್ಪಯ್ಯ, ಆ ಲೋಟ ಇಟ್ಟದ್ ನಾನ್," ಎಂದೆ. ಮೊಮ್ಮಗಳು ಕೇಳಿಸಿಕೊಂಡಳು, ಈಗ ನೀವೂ ಓದಿದಿರಿ. ಕೇಳಬೇಕಾದವರು ಮಾತ್ರ ಇಲ್ಲ.

ಆಮೇಲೆ ಬೀರು ತೆಗೆದೆ. ಲೋಟ ನನ್ನ ಹಳೆಯ ಸೀರೆಗಳ ಅಡಿಯಲ್ಲಿ, ಬಟ್ಟೆಯಲ್ಲಿ ಸುತ್ತಿ ಭದ್ರವಾಗಿತ್ತು. ಕೈಯಲ್ಲಿ ಹಿಡಿದಾಗ ನನಗೆ ಹೊಳೆಯಿತು: ನಾನೂ ಇಷ್ಟು ವರ್ಷ ಅದನ್ನು ಬೇರೆಯಾಗಿಯೇ ಇಟ್ಟಿದ್ದೆ. ಕಿಟಕಿಯ ಕಟ್ಟೆಯ ಬದಲು ಬೀರು, ಅಷ್ಟೇ ವ್ಯತ್ಯಾಸ. ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ಮಡಿಗಲ್ಲ, ಕಿಲುಬಿಗೆ. ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಉಳಿದ ಲೋಟಗಳ ಸಾಲಿನಲ್ಲೇ ಬೋರಲು ಹಾಕಿದೆ. ಬೆಳಿಗ್ಗೆ ಅದರಲ್ಲಿ ಯಾರಿಗೆ ಕಾಫಿ ಬರುತ್ತದೋ ಬರಲಿ. ಅಷ್ಟೂ ಸ್ಟೀಲಿನ ನಡುವೆ ಹಿತ್ತಾಳೆಯದು ಅದೊಂದೇ, ಕಣ್ಣಿಗೆ ಕುಕ್ಕುತ್ತದೆ.

ಕುಕ್ಕಲಿ.