ಬಾನಿಯೊಳಗಿನ ಮಂತ್ರ

ಎಂಬತ್ತರ ದಶಕದ ಬೇಸಿಗೆಯೆಂದರೆ ಸವಣೂರಿನ ನಮಗೆ ಗಿರೀಶಣ್ಣ. ದೊಡ್ಡಪ್ಪನ ಮಗ, ಪುಣೆಯಲ್ಲಿ ಕಾಲೇಜು ಓದುವವನು. ಒಂದು ರಜೆಯಲ್ಲಿ ಅಲ್ಲಿಂದ ವಿಚಿತ್ರ ಆಟವೊಂದನ್ನು ಕಲಿತು ಬಂದ. ಕತೆ ಅವನು ಹೇಳಬೇಕು. ಕತೆಯೊಳಗೆ ನಾವೇನು ಮಾಡುತ್ತೇವೆಂದು ನಾವು ಹೇಳಬೇಕು. ಅದು ಆಯಿತೋ ಇಲ್ಲವೋ ಎಂಬುದನ್ನು ಕವಡೆ ತೀರ್ಮಾನಿಸಬೇಕು. ಗೆಳೆಯ ಬಸ್ಯಾ ಕತ್ತಿವೀರ. ಪುಕ್ಕಲನಾದ ನಾನು ಮಂತ್ರವಾದಿ. ದೂರ ನಿಂತು ಹೊಡೆಯಬಹುದಲ್ಲ! ಸತ್ತವರಿಗೆ ಮಾತ್ರ ಮತ್ತೆ ಆಟವಿಲ್ಲ.

ತಿಂಗಳಿಡೀ ಕೊಟ್ಟಿಗೆಯ ನೆರಳಲ್ಲಿ, ಸಗಣಿ, ಹೊಟ್ಟಿನ ವಾಸನೆಯ ನಡುವೆ ಚುರುಮುರಿ ಮುಕ್ಕುತ್ತ ರಾಕ್ಷಸರನ್ನು ಕೊಂದೆವು. ಗಿರೀಶಣ್ಣ ಯಲವಿಗಿಯಲ್ಲಿ ರೈಲು ಹತ್ತುವ ಹಿಂದಿನ ದಿನ, ಕತೆಯಲ್ಲಿನ ಮುಳುಗಿದ ಕೋಟೆಯೊಳಗೆ ಬಸ್ಯಾ ಮೊಸಳೆಯ ಬಾಯಿಗೆ ಸಿಕ್ಕ. ನೀರಲ್ಲಿ ಕತ್ತಿ ಬೀಸಲಾಗದು, ಚುಚ್ಚಬೇಕಷ್ಟೇ ಎಂದ ಗಿರೀಶಣ್ಣ. ಬಸ್ಯಾ ಚುಚ್ಚಿದ. ಕವಡೆ ಕೈಕೊಟ್ಟಿತು.

"ನಿನ್ನ ಉಸರು ಇನ್ನ ಮೂರ ಸಲಕ್ಕ ಅಷ್ಟ ಐತಿ," ಎಂದ ಗಿರೀಶಣ್ಣ.

"ಲೇ, ಮಂತ್ರಾ ಹಾಕೋ! ಸಾಯಾಕತ್ತೇನಿ!" ಬಸ್ಯಾ ನಿಜವಾಗಿಯೂ ಅಳುತ್ತಿದ್ದ.

"ಬೆಂಕಿ ಮಂತ್ರ!" ಎಂದೆ.

"ನೀರಾಗ ಬೆಂಕಿ ಹತ್ತತೈತೇನಲೇ, ಶಾಣ್ಯಾ?" ಎಂದ ಗಿರೀಶಣ್ಣ.

"ಹಂಗಾರ ಮೊಸಳಿ ಮಲಗಸೋ ಮಂತ್ರ."

"ಬಾಯಿ ತೆಗೆದ್ರ ನೀರ ಒಳಗ ಹೋಗ್ತಾವು. ಹೆಂಗ ಹೇಳ್ತಿ?" ದನಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿಯತ್ತ ಗಿರೀಶಣ್ಣ ಕೈ ತೋರಿಸಿದ. "ಅದರಾಗ ತಲಿ ಮುಳುಗಿಸಿ ಹೇಳು. ಕೇಳಿಸಿದ್ರ ನಡೀತು."

ಎರಡು ಸಲ ಮುಳುಗಿಸಿದೆ. ಬರೀ ಗುಳುಗುಳು. ಎರಡು ಉಸಿರು ಹೋದವು.

ಬಸ್ಯಾ ನನ್ನನ್ನು ತಳ್ಳಿಕೊಂಡು ಬಂದ. "ನೀರಾಗ ಅಂದಿದ್ದು ನೀರಾಗ ಇದ್ದಾಂವಗ ಕೇಳಸ್ತೈತ್ರಿ, ಅಣ್ಣಾರ. ನಾನೂ ಮುಳುಗ್ತೇನಿ."

ಗಿರೀಶಣ್ಣ ಒಪ್ಪಿದ. ಒಂದೇ ಬಾನಿಯಲ್ಲಿ ಎರಡು ತಲೆ. ಪಾಚಿಯ ವಾಸನೆ, ಎಮ್ಮೆಯ ಜೊಲ್ಲು. ಬಾಯಿ ತೆರೆದೆ; ಮೂಗಿಗೆ ನೀರು ಏರಿತು, ಮಂತ್ರವೇ ಮರೆತುಹೋಯಿತು. ಒಂದಕ್ಷರವನ್ನೂ ಹೇಳದೆ ಕೆಮ್ಮುತ್ತ ಎದ್ದೆ. ಪಕ್ಕದಲ್ಲಿ ಬಸ್ಯಾನೂ ಎದ್ದ.

"ಕೇಳಿಸ್ತೇನ?" ಎಂದ ಗಿರೀಶಣ್ಣ.

"ಕೇಳಿಸ್ತ್ರಿ."

"ಖರೇನ?"

ಬಸ್ಯಾ ನನ್ನನ್ನೊಮ್ಮೆ ನೋಡಿದ. "ನಮ್ಮವ್ವನ ಆಣಿ."

ಮೊಸಳೆ ಮಲಗಿತು. ಬಸ್ಯಾ ಬದುಕಿದ. ಸುಳ್ಳಾಣೆ ಅವನವ್ವನಿಗೆ ತಟ್ಟಿಬಿಟ್ಟರೆ ಎಂಬ ಚಿಂತೆ ಮಾತ್ರ ನನ್ನ ಪಾಲಿಗೆ ಬಂತು. ಎಂಟು ದಿನ ಏನೇನೋ ನೆಪ ಹೇಳಿಕೊಂಡು ಅವರ ಮನೆಗೆ ಹೋಗಿ, ಆಕೆ ಕೆಮ್ಮುತ್ತಾಳೋ ಎಂದು ನೋಡಿ ಬರುತ್ತಿದ್ದೆ. ಗಟ್ಟಿಮುಟ್ಟಾಗಿದ್ದ ಆಕೆ, ಹುಡುಗ ಹಸಿದಿದ್ದಾನೆಂದು ತಿಳಿದು ರೊಟ್ಟಿ ಕೊಡುತ್ತಿದ್ದಳು.

ಗಿರೀಶಣ್ಣ ಮತ್ತೆ ರಜೆಗೆ ಬರಲಿಲ್ಲ. ಬಸ್ಯಾ ಎಲ್ಲಿದ್ದಾನೋ ಗೊತ್ತಿಲ್ಲ. ಐವತ್ತು ದಾಟಿದ ನಾನೀಗ ಕಷ್ಟ ಬಂದಾಗ ಅದನ್ನು ಬಾಯಿ ತೆರೆದು, ಬಿಡಿಸಿ ಬಿಡಿಸಿ, ಎರಡೆರಡು ಸಲ ಹೇಳುತ್ತೇನೆ. ಎದುರಿಗಿದ್ದವರು "ಏನಂದ್ರಿ?" ಎನ್ನುತ್ತಾರೆ. ಹೇಳಲಾಗದೆ ಹೋದದ್ದನ್ನೂ ಕೇಳಿಸಿತೆಂದು ಆಣೆ ಮಾಡಿದವನು ಅವನೊಬ್ಬನೇ.