ಕುಬೇರಪ್ಪನವರು ಒಲ್ಲೆನೆಂದ ಬನ್ನಿ

ಹಳೇ ಹುಬ್ಬಳ್ಳಿಯಲ್ಲಿ ಕುಬೇರಪ್ಪ ಬ್ಯಾಹಟ್ಟಿಯವರ ಮನೆಯ ಮುಂದಿನ ಖೋಲಿಯಲ್ಲಿ ನಾನು ನಾಲ್ಕು ವರ್ಷ ಬಾಡಿಗೆಗೆ ಇದ್ದೆ. ಪೋಸ್ಟ್ ಆಫೀಸಿನಲ್ಲಿ ಕಾರಕೂನಿಕೆ, ಊಟಕ್ಕೆ ಖಾನಾವಳಿ, ಮದುವೆ ಇನ್ನೂ ಆಗಿರಲಿಲ್ಲ. ಖೋಲಿ ಕೊಟ್ಟ ಮೇಲೆ ಮೊದಲ ಒಂದು ತಿಂಗಳು ಕುಬೇರಪ್ಪನವರು ದಿನಾ ಬೆಳಿಗ್ಗೆ ನನ್ನ ಕಿಟಕಿಯ ಸರಳುಗಳನ್ನು ಅಲುಗಾಡಿಸಿ ನೋಡುತ್ತಿದ್ದರು. ಸರಳು ಕಿತ್ತುಕೊಂಡು ನಾನು ಎಲ್ಲಿಗೆ ಓಡಬೇಕಾಗಿತ್ತೋ ದೇವರಿಗೇ ಗೊತ್ತು.

ಸಂಶಯ ಅವರ ಹೊಟ್ಟೆಪಾಡು. ಹತ್ತಿ ಪೇಟೆಯಲ್ಲಿ ದಲಾಲಿ ಮಾಡುವ ಅವರ ಅಡತಿ ಅಂಗಡಿ ಇತ್ತು. ರೈತರ ಚಕ್ಕಡಿ ಬಂದು ನಿಂತರೆ ಉಳಿದವರು ಮೇಲಿನ ಹತ್ತಿ ನೋಡಿ ದರ ಹೇಳುವರು. ಇವರು ಮೊಳಕೈತನಕ ಕೈ ತೂರಿಸಿ, ತಳದ ಹತ್ತಿ ಹಿರಿದು, ಕೆನ್ನೆಗೆ ಒತ್ತಿಕೊಂಡು ನೋಡುವರು. ತೂಕ ಏರಲೆಂದು ಯಾರಾದರೂ ನೀರು ಚಿಮುಕಿಸಿದ್ದರೆ ಆ ಕೆನ್ನೆಗೆ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಹೀಗೆ ಬದುಕಿದ ಮನುಷ್ಯ ಮನೆಗೆ ಬಂದ ಮೇಲೆ ಬದಲಾಗುತ್ತಾನೆಯೇ? ಹೆಂಡತಿ ಚನ್ನಬಸವ್ವನವರು ಕೊಟ್ಟ ಮಜ್ಜಿಗೆಯನ್ನೂ ಅವರು ಮೊದಲು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರು.

ಇಂಥವರು ಮೂವತ್ತೈದನೆಯ ಇಸವಿಯಲ್ಲಿ ಒಂದು ಹಳೆಯ ಫಟಫಟಿ, ಅಂದರೆ ಮೋಟಾರು ಸೈಕಲ್ಲು, ಕೊಂಡರು. ಊರು ಬಿಟ್ಟು ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರನ ಸಾಮಾನು ಲಿಲಾವಿಗೆ, ಹರಾಜಿಗೆ ಬಂದಾಗ ಅದು ಕುರ್ಚಿ, ಮಂಚಗಳ ನಡುವೆ ತುಕ್ಕು ಹಿಡಿದು ಬಿದ್ದಿತ್ತಂತೆ. ಇಪ್ಪತ್ತು ವರ್ಷದ ಹಿಂದೆ ಧಾರವಾಡದ ರಸ್ತೆಯಲ್ಲಿ ಅಂಥದೇ ಒಂದು ಗಾಡಿ ಇವರ ಚಕ್ಕಡಿಯ ಎತ್ತುಗಳನ್ನು ಬೆದರಿಸಿ, ಇವರನ್ನು ಗಟಾರಕ್ಕೆ ಕೆಡವಿ ಹೋಗಿತ್ತು. ಅಂದಿನ ಸಿಟ್ಟು ನಡುವೆ ಎಂದೋ ಆಸೆಯಾಗಿತ್ತು.

ಗಾಡಿಯನ್ನು ಗ್ಯಾರೇಜಿಗೆ ಕೊಡಲು ಅವರು ಸುತಾರಾಂ ಒಪ್ಪಲಿಲ್ಲ. ಒಳ್ಳೆಯ ಭಾಗ ತೆಗೆದು ಕೆಟ್ಟದ್ದು ಕೂರಿಸುತ್ತಾರೆಂಬ ಖಾತ್ರಿ. ಹಾಗಾಗಿ ಹಿಂದಿನ ಓಣಿಯಲ್ಲಿ ಹೊಲಿಗೆ ಯಂತ್ರ ದುರಸ್ತಿ ಮಾಡುತ್ತಿದ್ದ ಅಬ್ದುಲಮಜೀದನನ್ನು ಮನೆಗೇ ಕರೆಸಿದರು. ಮೂವತ್ತರ ಒಳಗಿನ ಪ್ರಾಯ, ಮಾತು ಕಡಿಮೆ, ಕೈ ಬಲು ಚುರುಕು. ರವಿವಾರಕ್ಕೊಮ್ಮೆ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ಅವನು ಗಾಡಿ ಬಿಚ್ಚುವನು. ಕುಬೇರಪ್ಪನವರು ಎದುರಿಗೆ ಮಣೆ ಹಾಕಿಕೊಂಡು, ಬೆಕ್ಕು ಇಲಿಬಿಲ ಕಾಯುವ ಹಾಗೆ ಅವನ ಕೈ ಕಾಯುವರು. ಕೆಲಸ ಮುಗಿದ ಮೇಲೆ ಭಾಗಗಳನ್ನು ಒಂದೊಂದು ಕಡೆ ಬಚ್ಚಿಡುವರು. ಒಂದು ಉಪ್ಪಿನಕಾಯಿಯ ಭರಣಿಯಲ್ಲಿ, ಒಂದು ಅಟ್ಟದ ಮೇಲೆ. ಎಲ್ಲಕ್ಕಿಂತ ಮುಖ್ಯವಾದದ್ದು ಮ್ಯಾಗ್ನೆಟೊ, ಕಿಡಿ ಹುಟ್ಟಿಸುವ ಪುಟ್ಟ ಯಂತ್ರ. ಅದರ ಜಾಗ ಜೋಳದ ಕಣಜದ ತಳ. ಮನೆಯವರನ್ನೂ ಮಜೀದನನ್ನೂ ಬಿಟ್ಟರೆ ಅದು ಗೊತ್ತಿದ್ದದ್ದು ನನಗೆ. ನನಗೆ ಗೊತ್ತಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಪುಣ್ಯ.

ಮರುವರ್ಷದ ಖಂಡೇನವಮಿಯ ಮುಂಚಿನ ದಿನ. ಮಾರನೆಯ ದಿನ ಮನೆಯ ಕಬ್ಬಿಣವೆಲ್ಲ ಪೂಜೆಗೆ ಕೂರಬೇಕು. ತಕ್ಕಡಿ, ಕುಡುಗೋಲು, ಈಳಿಗೆ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತ ಚನ್ನಬಸವ್ವನವರು ಹಿತ್ತಲಿನಲ್ಲಿ ಕೂತಿದ್ದರು. ಅರ್ಧ ದಿನ ರಜೆ ಹಾಕಿ ಬಂದ ನಾನು ನೀರು ಸೇದಲು ಹೋದೆ. ನೋಡಿದರೆ ಕುದಿಯುವ ನೀರಿನ ಹಂಡೆಯಲ್ಲಿ ಮ್ಯಾಗ್ನೆಟೊ ಮುಳುಗಿ ಕೂತಿದೆ!

“ಅವ್ವಾರ, ಅದನ್ನ ಯಾಕ ನೀರಾಗ ಹಾಕಿದ್ರಿ?” ಎಂದು ಕೂಗಿದೆ.

“ಜಿಡ್ಡು ಹಿಡದಿತ್ತಪಾ ದತ್ತೂ. ನಾಳೆ ದೇವರ ಮುಂದ ಅಷ್ಟು ಹೊಲಸು ಹೆಂಗ ಇಡೂದು?”

ಅವರ ಲೆಕ್ಕದಲ್ಲಿ ತಪ್ಪೇನಿತ್ತು? ಪೂಜೆಗೆ ಕೂರುವ ವಸ್ತು ಮಿಂದೇ ಕೂರಬೇಕು. ಅದರೊಳಗೆ ರೇಷ್ಮೆಯ ದಾರ ಸುತ್ತಿದ ಕೂದಲೆಳೆಯಂಥ ತಾಮ್ರದ ತಂತಿ ಇದೆ, ನೀರು ಕುಡಿದರೆ ಮತ್ತೆ ಕಿಡಿ ಹುಟ್ಟುವುದಿಲ್ಲ ಎಂದು ನಾನು ಹೇಳಿದಾಗ ಆ ತಾಯಿಯ ಮುಖ ಬಿಳಿಚಿತು. ಗಂಡ ಹೊಡೆಯುವವರಲ್ಲ. ಆದರೆ ಬೇಕೆಂದೇ ಕೆಡಿಸಿದಳು, ಯಾರೋ ಹೇಳಿಕೊಟ್ಟರು ಎಂದು ವರ್ಷಾನುಗಟ್ಟಲೆ ಕೊರೆಯುವವರು. ಚನ್ನಬಸವ್ವನವರು ಮ್ಯಾಗ್ನೆಟೊವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿತ್ತಲ ಬಾಗಿಲಿನಿಂದ ಮಜೀದನ ಮನೆಗೆ ಹೋದರು. ಅವನ ಹೆಂಡತಿ ಮೈಮುನಾ ಕೂರಿಸಿ ನೀರು ಕೊಟ್ಟಳಂತೆ. ಮಜೀದ ತಿರುಗಿಸಿ ನೋಡಿ, “ಪೂರಾ ತಂತಿ ಬಿಚ್ಚಿ ಮತ್ತ ಸುತ್ತಬೇಕ್ರಿ. ತಿಂಗಳುಗಟ್ಲೆ ಹಿಡೀತೈತಿ. ನೀವೇನೂ ಹೇಳಾಕ ಹೋಗಬ್ಯಾಡ್ರಿ,” ಎಂದನಂತೆ.

ಮಾರನೆಯ ದಿನ ಎಲ್ಲ ಭಾಗಗಳೂ ಅಡಗಿದ ಜಾಗ ಬಿಟ್ಟು ಹೊರಬಂದವು. ಮ್ಯಾಗ್ನೆಟೊ ಇಲ್ಲ. ಕುಬೇರಪ್ಪನವರು ಕಣಜದ ಜೋಳವನ್ನೆಲ್ಲ ಅಂಗಳಕ್ಕೆ ಸುರುವಿ ನೋಡಿದರು. ಹೆಂಡತಿ “ನನಗ ಗೊತ್ತಿಲ್ಲರಿ,” ಎಂದರು. ನನ್ನನ್ನು ಕೇಳಿದರು, ನಾನೂ ಹಾಗೇ ಅಂದೆ. ನಾನು ಹೇಡಿ, ಈಗ ಮುಚ್ಚಿಟ್ಟು ಏನು ಮಾಡಲಿ? ಖೋಲಿ ಹೋದೀತೆಂಬ ಹೆದರಿಕೆ ನನಗೆ. ಅವರು ಜೋಳದ ರಾಶಿಯ ಮುಂದೆ ಕೂತು, “ಕಣಜದಾಗ ಇಟ್ಟದ್ದು ಮಜೀದಗ ಗೊತ್ತಿತ್ತು,” ಎಂದರು.

ಅದರ ಮರುದಿನ ಸಂಜೆ ಬನ್ನಿ. ಓಣಿಯ ಹಿಂದೂ ಮುಸಲ್ಮಾನರೆಲ್ಲ ಒಬ್ಬರಿಗೊಬ್ಬರು ಬನ್ನಿಯ ಎಲೆ ಕೊಟ್ಟು ಬಂಗಾರದ ಹಾಗೆ ಇರೋಣ ಎನ್ನುವ ದಿನ. ವರ್ಷವೆಲ್ಲ ಮಾತು ಬಿಟ್ಟ ಅಣ್ಣತಮ್ಮಂದಿರೂ ಅಂದು ಕೈ ಚಾಚುತ್ತಾರೆ. ಕುಬೇರಪ್ಪನವರ ಕಟ್ಟೆಯ ಮೇಲೆ ಹತ್ತು ಜನ ಕೂತಿದ್ದಾಗ ಮಜೀದ ಒಗೆದ ಅಂಗಿ ತೊಟ್ಟು ಬಂದ, ಬಗ್ಗಿ ಬನ್ನಿ ಚಾಚಿದ.

ಕುಬೇರಪ್ಪನವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. “ನನ್ನ ಮನ್ಯಾಗಿಂದು ಒಯ್ದ ಕೈಲೆ ನಾ ಬನ್ನಿ ತಗೊಳ್ಳಂಗಿಲ್ಲ.”

ಮಜೀದ ತಲೆಯೆತ್ತಿದ. ಬಾಗಿಲಲ್ಲಿ ಚನ್ನಬಸವ್ವನವರು ನಿಂತಿದ್ದರು. ಅವರನ್ನು ನೋಡಿದ, ನನ್ನನ್ನೂ ನೋಡಿದ, ಎಲೆಗಳನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ. ವಾರದೊಳಗೆ ಓಣಿಯಲ್ಲಿ ಅವನಿಗೆ ಹೊಲಿಗೆ ಯಂತ್ರ ಕೊಡುವವರು ಕಡಿಮೆಯಾದರು.

ಒಂದು ದಿನ ತಡೆಯಲಾರದೆ ಅವನ ಅಂಗಡಿಗೆ ಹೋದೆ. ಹೊಲಿಗೆ ಯಂತ್ರದ ಗಾಲಿಗೆ ಸುರುಳಿ ಸಿಕ್ಕಿಸಿ ತಂತಿ ಸುತ್ತುತ್ತಿದ್ದ.

“ಖರೇ ಹೇಳಿಬಿಡಬಾರದೇನು ಮಜೀದ?”

“ಖರೇ ಹೇಳಿದ್ರ ಅವ್ವಾರು ಹಿತ್ತಲ ಬಾಗಲಾಗಿಂದ ನಮ್ಮ ಮನಿಗೆ ಬಂದಿದ್ರು ಅಂತನೂ ಹೇಳಬೇಕಾಕೈತ್ರಿ. ಸಾಹುಕಾರ್ರ ತಲಿ ನಿಮಗ ಗೊತ್ತಿಲ್ಲೇನು? ಅದಕ್ಕಿಂತ ನಾ ಕಳ್ಳ ಆಗೂದ ಛಲೋ.” ತಲೆಯೆತ್ತದೆ ಇಷ್ಟು ಹೇಳಿ, ನಡುವೆ ಕಡಿದ ತಂತಿಯ ತುದಿ ಹುಡುಕತೊಡಗಿದ.

ಸಂಕ್ರಾಂತಿ ಕಳೆದ ಮೇಲೆ ಮ್ಯಾಗ್ನೆಟೊ ಮೈಮುನಾಳ ಕೈಯಿಂದ ಚನ್ನಬಸವ್ವನವರಿಗೆ, ಅವರ ಕೈಯಿಂದ ಕಣಜಕ್ಕೆ ಬಂತು. ನಾಲ್ಕು ದಿನಕ್ಕೆ ಕುಬೇರಪ್ಪನವರ ಕೈಗೆ ಸಿಕ್ಕಿತು. ಅವರಿಗೆ ಆಶ್ಚರ್ಯವಾಗಲಿಲ್ಲ, ಹೆಮ್ಮೆಯಾಯಿತು. “ನೋಡ್ರಿ, ಬನ್ನಿ ಒಲ್ಲೆ ಅಂದದ್ದ ತಡ, ಹೆದರಿ ತಂದಿಟ್ಟಾನ!” ಎಂದು ಕಟ್ಟೆಯ ಮೇಲೆ ಸಾರಿದರು. ಧಾರವಾಡದಿಂದ ಒಬ್ಬ ಮೋಟಾರು ಚಾಲಕನನ್ನು ಕರೆಸಿ ಎಲ್ಲ ಜೋಡಿಸಿದರು. ಮೂರನೆಯ ಒದೆತಕ್ಕೆ ಫಟಫಟಿ ಗುಡುಗಿತು. ಓಣಿಯ ಕೋಳಿಗಳು ಮಾಳಿಗೆ ಏರಿದವು, ಜನ ಓಡಿ ಬಂದರು. ಚಾಲಕ ಮ್ಯಾಗ್ನೆಟೊ ತೋರಿಸಿ, “ಇದರ ತಂತಿ ಹೊಸದಾಗಿ ಸುತ್ತ್ಯಾರ್ರಿ. ಯಾರ್ರಿ ಅಂವಾ? ಭಾರಿ ಕೈ,” ಎಂದ.

“ಕಳ್ಳ ಯಾಕ ಸುತ್ತತಾನ?” ಎಂದರು ಕುಬೇರಪ್ಪನವರು. ಆಗಲೂ ಅವರ ಕಣ್ಣು ಕಿರಿದಾಗಿ ಚಾಲಕನ ಮೇಲೆಯೇ ಇತ್ತು.

ಹೊಸ್ತಿಲೊಳಗಿನಿಂದ ಚನ್ನಬಸವ್ವನವರು ಅಷ್ಟು ಜನರ ಮುಂದೆ ಹೊರಗೆ ಬಂದರು. “ಕಳ್ಳ ಅನಬ್ಯಾಡ್ರಿ. ಪೂಜಾಕಂತ ಬಿಸಿನೀರಾಗ ತೊಳದಾಕಿ ನಾನು. ಅವರ ಮನಿಗೆ ಒಯ್ದು ಕೊಟ್ಟಾಕೀನೂ ನಾನು. ಈಗ ನನಗ ಏನಂತೀರಿ ಅನ್ರಿ.”

ಇಂಜಿನ್ನು ತಾನಾಗಿ ಬಂದ್ ಆಯಿತು. ಅಂದು ಸಂಜೆ ಕುಬೇರಪ್ಪನವರು ಊರ ಹೊರಗಿನ ಬನ್ನಿ ಮರದಿಂದ ಒಂದು ಟೊಂಗೆ ಮುರಿದುಕೊಂಡು ಮಜೀದನ ಅಂಗಡಿಯ ಮುಂದೆ ನಿಂತರು. ನಾನೂ ಜೊತೆಗಿದ್ದೆ.

“ದಸರಾ ಇನ್ನೂ ದೂರ ಐತ್ರಿ ಸಾಹುಕಾರ್ರ,” ಎಂದ ಮಜೀದ. “ಇವತ್ತ ಇದು ಬರೇ ಎಲಿ.”

“ಅಲ್ಲೀತನಕ ನನಗ ನಿದ್ದಿ ಬರಂಗಿಲ್ಲೋ.”

“ನನಗೂ ಇಷ್ಟು ದಿನ ಬಂದಿಲ್ರಿ.”

ಎಂಟು ತಿಂಗಳು ಫಟಫಟಿ ಇದ್ದ ಜಾಗ ಬಿಟ್ಟು ಹಂದಲಿಲ್ಲ. ಹೆಂಡತಿ ಕೊಟ್ಟ ಮಜ್ಜಿಗೆಯನ್ನು ಬೆಳಕಿಗೆ ಹಿಡಿಯದೆ ಕುಡಿಯಲು ಹೋಗಿ ಅವರು ಎರಡು ಸಲ ಗಂಟಲಿಗೆ ಸಿಕ್ಕಿಸಿಕೊಂಡರು. ದಸರೆಯ ಸಂಜೆ, ಕಿರಿಯರು ಹಿರಿಯರ ಮನೆಗೆ ಹೋಗುವ ರೀತಿ ಬಿಟ್ಟು, ತಾವೇ ಮೊದಲು ಮಜೀದನ ಬಾಗಿಲಿಗೆ ಹೋದರು. ಓಣಿಯೆಲ್ಲ ನೋಡುತ್ತಿತ್ತು. ಮಜೀದ ಎರಡೂ ಕೈಯಿಂದ ಬನ್ನಿ ತೆಗೆದುಕೊಂಡ.

“ಇನ್ನ ರವಿವಾರ ಬಾ ಮತ್ತ,” ಎಂದರು ಕುಬೇರಪ್ಪನವರು.

“ಇಲ್ರಿ. ನಿಮ್ಮ ಹೊಸ್ತಿಲ ದಾಟಂಗಿಲ್ಲ. ನಾಳೆ ಮತ್ತೇನರ ಕಳದ್ರ ನನ್ನ ಹೆಸರು ನಿಮಗ ನೆನಪಾಗಬಾರದು. ಗಾಡಿ ಇಲ್ಲೇ ತಂದು ಬಿಡ್ರಿ. ಬಿಟ್ಟು ಹೋಗ್ರಿ, ಕುಂತು ನೋಡಬ್ಯಾಡ್ರಿ.”

ಮುಂದಿನ ರವಿವಾರ ನಾವಿಬ್ಬರೂ ಗಾಡಿ ತಳ್ಳಿಕೊಂಡು ಹೋಗಿ ಅವನ ಅಂಗಡಿಯಲ್ಲಿ ಬಿಟ್ಟೆವು. ನಾವು ಬೆನ್ನು ತಿರುಗಿಸುವ ಮೊದಲೇ ಅವನು ನಟ್ಟು ಸಡಿಲಿಸತೊಡಗಿದ್ದ. ಓಣಿಯ ತಿರುವಿಗೆ ಬಂದಾಗ ಕುಬೇರಪ್ಪನವರ ಕಾಲು ನಿಂತಿತು. ಹಿಂದಿನಿಂದ ಒಂದೊಂದೇ ಭಾಗ ಬಿಚ್ಚುವ ಸದ್ದು ಕೇಳುತ್ತಿತ್ತು.

“ದತ್ತೂ, ಒಮ್ಮೆ ತಿರಗಿ ನೋಡಲ್ಯಾ?” ಎಂದರು, ಮಕ್ಕಳು ಕೇಳುವ ದನಿಯಲ್ಲಿ.

“ಬ್ಯಾಡ್ರಿ,” ಎಂದೆ.

ಅವರು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡು ಮನೆಯತ್ತ ನಡೆದರು.