ತೊಳೆಸದೆ ಇಟ್ಟ ರೀಲು

ಮರೆವು ನನಗೆ ಬಹಳ ಅನುಕೂಲವಾದ ಕಾಯಿಲೆ. ಕೊಡೆ, ಕನ್ನಡಕ, ಹೆಂಡತಿ ತರಲು ಹೇಳಿದ ಸಾಮಾನು, ಇವನ್ನೆಲ್ಲ ನಾನು ನಿಜವಾಗಿಯೇ ಮರೆಯುತ್ತೇನೆ. ಹಾಗಾಗಿ ಕ್ಯಾಮೆರಾದೊಳಗಿನ ಒಂದು ರೀಲನ್ನು ಒಂಬತ್ತು ವರ್ಷ ಮರೆತಿದ್ದೆ ಎಂದಾಗ ಯಾರೂ ಅನುಮಾನಪಡಲಿಲ್ಲ. ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ, ಅದೊಂದನ್ನು ನಾನು ಒಂದು ದಿನವೂ ಮರೆತಿರಲಿಲ್ಲ.

ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ನಾನು. ಕೆಲಸ ಕಾಯಂ ಆದ ಖುಷಿಯಲ್ಲಿ ಒಂದು ಡಬ್ಬಿ ಕ್ಯಾಮೆರಾ ಕೊಂಡಿದ್ದೆ. ರೀಲಿನಲ್ಲಿ ಎಂಟೇ ಚಿತ್ರ. ಎಂಟೂ ಮುಗಿಯದೆ ಅದನ್ನು ತೊಳೆಸಲು ಕೊಡುವುದೆಂದರೆ ನಮ್ಮ ಕಡೆ ಎಲೆಯಲ್ಲಿ ಅನ್ನ ಬಿಟ್ಟು ಏಳುವಷ್ಟೇ ತಪ್ಪು. ಯುಗಾದಿಗೆ ತೆಗೆದ ಚಿತ್ರವನ್ನು ದೀಪಾವಳಿಗೆ ನೋಡುವ ಮನೆಗಳೇ ಹೆಚ್ಚು. ನಾನೂ ಐದು ತೆಗೆದು, ಮಿಕ್ಕ ಮೂರಕ್ಕೆ ಯೋಗ್ಯವಾದ ಸಂದರ್ಭ ಹುಡುಕುತ್ತಿದ್ದೆ.

ಆರನೆಯದು ಭದ್ರಾವತಿಯದು. ತಂಗಿ ಗಿರಿಜೆಯನ್ನು ಅಲ್ಲಿಯ ಹಳೇಟೌನಿಗೆ ಕೊಟ್ಟಿದ್ದೆವು; ಅವಳ ಗಂಡ ಕಾರ್ಖಾನೆಯಲ್ಲಿ ಫಿಟ್ಟರ್. ಮಗ ಶಿವುಗೆ ಆಗ ಎರಡು ವರ್ಷ. ಜವಳ ತೆಗೆಸುವ ತನಕ ಮಗುವಿನ ಫೋಟೋ ತೆಗೆಯಕೂಡದು, ಆಯಸ್ಸು ಕಡಿಮೆಯಾಗುತ್ತದೆ ಎಂಬುದು ಅವಳ ಅತ್ತೆ ನೀಲಮ್ಮನವರ ಕಟ್ಟಪ್ಪಣೆ. ನೀಲಮ್ಮನವರು ಗದರಿದರೆ ಭದ್ರಾ ಹೊಳೆಯೂ ಸದ್ದಿಲ್ಲದೆ ಹರಿಯಬೇಕು, ಅಂಥ ಹೆಂಗಸು. ಅವರು ಮಠಕ್ಕೆ ಹೋಗಿದ್ದ ಒಂದು ಸೋಮವಾರ ಗಿರಿಜೆ ನನ್ನ ತೋಳು ಹಿಡಿದುಕೊಂಡು, ಒಂದೇ ಒಂದು ತೆಗೆದುಬಿಡು, ಅತ್ತೆಗೆ ಹೇಳುವುದು ಬೇಡ ಎಂದಳು. ನಾನು ಮೂಢನಂಬಿಕೆಯ ಮೇಲೆ ಪುಟ್ಟ ಭಾಷಣ ಬಿಗಿದು, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಮಗುವನ್ನು ಕೂರಿಸಿ ಫೋಟೋ ತೆಗೆದೆ.

ಹನ್ನೆರಡನೆಯ ದಿನ ಶಿವು ಗಂಟಲಮಾರಿಯಿಂದ ತೀರಿಕೊಂಡ.

ಡಾಕ್ಟರು ಕಾಯಿಲೆಯ ಹೆಸರು ಡಿಫ್ತೀರಿಯಾ ಎಂದು ನನಗೆ ಹೇಳಿದ್ದರು. ರೋಗಾಣು ಹೇಗೆ ಹರಡುತ್ತದೆಂದು ಕರಿಹಲಗೆಯ ಮೇಲೆ ಬರೆದು ಪಾಠ ಮಾಡುವವನೂ ನಾನೇ. ಆ ವಾರ ಅದೇ ಓಣಿಯಲ್ಲಿ ಇನ್ನಿಬ್ಬರು ಮಕ್ಕಳು ಹೋಗಿದ್ದರು. ಅವರ ಫೋಟೋ ಯಾರೂ ತೆಗೆದಿರಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಅಷ್ಟು ಸಣ್ಣ ಕುಣಿಗೆ ಮಣ್ಣು ಹಾಕುವಾಗ ನನಗಾದದ್ದು ದುಃಖವೊಂದೇ ಅಲ್ಲ, ಹೆದರಿಕೆಯೂ. ಮನೆಗೆ ಬಂದವನೇ ಕ್ಯಾಮೆರಾವನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ಕೇಳಿದವರಿಗೆ ಮೊದಮೊದಲು, ಇನ್ನೂ ಎರಡು ಚಿತ್ರ ಬಾಕಿ ಇದೆ ಎನ್ನುತ್ತಿದ್ದೆ; ಆಮೇಲೆ, ಮರೆತೇಬಿಟ್ಟೆ ಎನ್ನುತ್ತಿದ್ದೆ. ಗಿರಿಜೆ ಮಾತ್ರ ಕೇಳಲೇ ಇಲ್ಲ. ಆಮೇಲೆ ಅವಳಿಗೆ ಮಕ್ಕಳೂ ಆಗಲಿಲ್ಲ.

ಫಿಲ್ಮಿನ ಮೇಲೆ ಬೆಳಕು ಬಿದ್ದ ಗಳಿಗೆಯಲ್ಲೇ ಚಿತ್ರ ಮೂಡಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಔಷಧದಲ್ಲಿ ಅದ್ದುವ ತನಕ ಬೆಳ್ಳಿಯ ಲವಣದ ಕಣಗಳಲ್ಲಿ ಅಡಗಿ ಕೂತಿರುತ್ತದೆ. ಇದನ್ನು ಪ್ರತಿವರ್ಷ ದೊಡ್ಡ ತರಗತಿಯ ಹುಡುಗರಿಗೆ ವಿವರಿಸುವಾಗ ನನ್ನ ಬಾಯಿ ಒಣಗುತ್ತಿತ್ತು.

ಕೊನೆಗೆ ಹೊಸ ಹೆಡ್‌ಮಾಸ್ತರರು ವಾರ್ಷಿಕೋತ್ಸವಕ್ಕೆ ನನ್ನ ಕ್ಯಾಮೆರಾ ಬೇಕೆಂದರು. ಹೊಸ ರೀಲು ಹಾಕಬೇಕಾದರೆ ಹಳೆಯದನ್ನು ತೆಗೆಯಲೇಬೇಕು. ತೆಗೆದದ್ದನ್ನು ತಿಪ್ಪೆಗೆ ಎಸೆಯಲು ಕೈ ಬರಲಿಲ್ಲ. ಗಾಂಧಿ ಬಜಾರಿನ ಸ್ಟುಡಿಯೋದವರ ಮುಂದೆ ಇಟ್ಟೆ. ಅವರು ಮೂಸಿ ನೋಡಿ, ಇದರಲ್ಲಿ ಬೂಷ್ಟು ಬಿಟ್ಟು ಏನೂ ಬರುವುದಿಲ್ಲ ಮೇಷ್ಟ್ರೇ ಎಂದರು. ಬಾರದಿದ್ದರೆ ಸಾಕೆಂದು ನನಗೂ ಒಳಗೊಳಗೇ ಆಸೆ. ಅವರು ಕತ್ತಲೆಕೋಣೆಯಿಂದ ಒದ್ದೆ ರೀಲು ತಂದು ಬೆಳಕಿಗೆ ಹಿಡಿದಾಗ ನಾಲ್ಕರಲ್ಲಿ ಬರೀ ಮಸುಕು, ಒಂದರಲ್ಲಿ ನನ್ನದೇ ಹೆಬ್ಬೆರಳು. ಆರನೆಯದರಲ್ಲಿ ಶಿವು. ನೆಗೆಟಿವಿನಲ್ಲಿ ಮುಖ ಕಪ್ಪು, ಜವಳ ತೆಗೆಯದ ಕೂದಲೆಲ್ಲ ಬಿಳಿ. ಎರಡು ವರ್ಷದ ಹುಡುಗ ಮುದುಕನಾಗಿ ಕೂತಿದ್ದ. ನನಗೆ ಅಂಗಡಿಯಲ್ಲೇ ಅಳು ಬಂತು.

ಪ್ರಿಂಟು ಹಾಕಿಸಿಕೊಂಡು ಭಾನುವಾರ ರೈಲು ಹತ್ತಿದೆ. ಗಿರಿಜೆ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

“ನಾನು ತೆಗ್ಸಿದ್ದಕ್ಕೇ ಹೋದ ಅಂದ್ಕೊಂಡಿದ್ದೆ ಕಣಣ್ಣ. ನಿನ್ನ ಕೇಳೋಕೂ ಹೆದ್ರಿಕೆ.”

ಒಂದೇ ಹೆದರಿಕೆಯನ್ನು ನಾವಿಬ್ಬರೂ ಒಂಬತ್ತು ವರ್ಷ ಎರಡು ಊರುಗಳಲ್ಲಿ ಸಾಕಿಕೊಂಡಿದ್ದೆವು. ಅದು ಗಂಟಲಮಾರಿ ಕಣೇ, ನೀನಲ್ಲ ಎಂದು ನಾನು ಅವತ್ತೇ ಬಾಯಿಬಿಟ್ಟಿದ್ದರೆ ಅವಳ ಭಾರ ಅರ್ಧವಾದರೂ ಇಳಿಯುತ್ತಿತ್ತು. ಭಾಷಣ ಬಿಗಿಯುವ ಮೇಷ್ಟ್ರಿಗೆ ಅಷ್ಟು ಮಾತು ಹೊರಡಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಇನ್ನು ಮುಚ್ಚಿಡುವುದು ಬೇಡವೆಂದು ಅವಳೇ ಚಿತ್ರವನ್ನು ಒಯ್ದು ಜಗಲಿಯಲ್ಲಿ ಕೂತಿದ್ದ ನೀಲಮ್ಮನವರ ಮಡಿಲಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ನಾನು ಬೈಗುಳಕ್ಕೆ ಸಿದ್ಧನಾಗಿ ತಲೆ ಬಗ್ಗಿಸಿ ನಿಂತೆ. ಮುದುಕಿ ಚಿತ್ರವನ್ನು ದೂರ ಹಿಡಿದು, ಹತ್ತಿರ ತಂದು, ಬಹಳ ಹೊತ್ತು ನೋಡಿದರು. ಬೆರಳಿನಿಂದ ಅವನ ಕಿವಿ ಸವರಿದರು.

“ಯಾಕ್ ಮೇಷ್ಟ್ರೇ ಇಷ್ಟ್ ದಿವ್ಸ ಬಚ್ಚಿಟ್ರಿ?” ಎಂದರು. “ಹೋದ್ ವರ್ಷದಿಂದ ಇವನ ಮುಖ ನಂಗೆ ಜ್ಞಾಪಕಕ್ಕೇ ಬರ್ತಿರ್ಲಿಲ್ಲ. ಯಾರ ಹತ್ರ ಹೇಳ್ಕೊಳ್ಳಲಿ?”

ನಿಮಗೇ ಹೆದರಿ ಎನ್ನುವ ಧೈರ್ಯ ನನಗೆ ಆಗಲೂ ಬರಲಿಲ್ಲ. ಮರುದಿನವೇ ಅವರಿಗೊಂದು, ನನಗೊಂದು ಪ್ರಿಂಟು ಹಾಕಿಸಿದೆ. ನನ್ನದು ಸ್ಕೂಲಿನ ಮೇಜಿನ ಮೇಲಿದೆ. ಯಾರು ಸಾರ್ ಈ ಮಗು ಎಂದು ಹುಡುಗರು ಕೇಳುತ್ತಾರೆ. ನನ್ನ ತಂಗಿಯ ಮಗ, ಗಂಟಲಮಾರಿಯಿಂದ ಹೋದ ಎಂದು ಕಾಯಿಲೆಯ ಹೆಸರು ಸೇರಿಸಿಯೇ ಹೇಳುತ್ತೇನೆ. ಸ್ವಲ್ಪ ಜೋರಾಗಿಯೇ ಹೇಳುತ್ತೇನೆ, ಹುಡುಗರಿಗಿಂತ ಮೊದಲು ನನಗೆ ಕೇಳಿಸಲಿ ಎಂದು.